ಪಕ್ಕದ ಕೈ

ಕೈ ಎತ್ತಿದ ಚೆನ್ನರಾಯಪ್ಪ ಪಕ್ಕಕ್ಕೆ ತಿರುಗಿದರೆ, ಮುನಿವೆಂಕಟಪ್ಪನವರ ಕೈಯೂ ಮೇಲಿತ್ತು.

ಪುರಸಭೆಯ ಸಭಾಂಗಣ ಗಪ್ಪನೆ ಸುಮ್ಮನಾಯಿತು. ನಯಾಪೈಸೆ ಬಂದ ವರ್ಷವದು. ಊರಿಗೆ ಮಂಜೂರಾಗಿದ್ದದ್ದು ಒಂದೇ ಒಂದು ಬೀದಿ ನಲ್ಲಿ. ಅದು ಚೆನ್ನರಾಯಪ್ಪನ ಗಾಣದ ಬೀದಿಗೋ, ಮುನಿವೆಂಕಟಪ್ಪನವರ ಕೋಟೆ ಬೀದಿಗೋ ಎಂದು ಬೇಸಿಗೆಯಿಡೀ ಎಳೆದಾಟ ನಡೆದಿತ್ತು. ಹನ್ನೊಂದು ಸದಸ್ಯರಲ್ಲಿ ಆರು ಜನ ಕೋಟೆ ಬೀದಿಯ ಕಡೆ, ಐದು ಜನ ಗಾಣದ ಬೀದಿಯ ಕಡೆ ಎಂಬುದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. "ಗಾಣದ ಬೀದಿಗೆ ಆಗಲಿ ಅನ್ನೋರು ಕೈ ಎತ್ತಿ" ಎಂದು ಅಧ್ಯಕ್ಷರು ಈಗ ತಾನೇ ಕೇಳಿದ್ದರು. ಎದ್ದ ಕೈಗಳು ಆರು. ಆರನೆಯದು ಕೋಟೆ ಬೀದಿಯ ಮುನಿವೆಂಕಟಪ್ಪನವರದೇ.

ಅವರಿಗೆ ಕಿವಿ ಕೇಳಿಸದೆ ಎರಡು ವರ್ಷವಾಗಿತ್ತು. ಅದು ಯಾರಿಗೂ ತಿಳಿದಿಲ್ಲವೆಂದು ಅವರು ನಂಬಿದ್ದರು. ಎಲ್ಲರಿಗೂ ತಿಳಿದಿದೆಯೆಂದು ಅವರಿಗೆ ಹೇಳುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಸಭೆಯಲ್ಲಿ ಅವರು ಪಕ್ಕದಲ್ಲಿ ಕೂರುವ ಚೆನ್ನರಾಯಪ್ಪನ ಕೈ ನೋಡಿಕೊಳ್ಳುತ್ತಿದ್ದರು. ಅದು ಎದ್ದರೆ ಎತ್ತುತ್ತಿದ್ದರು, ಇಳಿದರೆ ಇಳಿಸುತ್ತಿದ್ದರು. ಚರಂಡಿ, ದೀಪದ ಕಂಬ, ಸಂತೆ ಸುಂಕ ಎಲ್ಲದರಲ್ಲೂ ಇಬ್ಬರದೂ ಒಂದೇ ಮಾತಾದ್ದರಿಂದ ತೊಡಕೇನೂ ಬಂದಿರಲಿಲ್ಲ. ಇಬ್ಬರೂ ಎದುರುಬದುರಾದದ್ದು ಇದೇ ಮೊದಲು.

"ಇಳಿಸ್ಬೇಡ ಕಣಪ್ಪೋ," ಗಾಣದ ಬೀದಿಯ ಕಡೆಯವನೇ ಆದ ಮುದ್ದಪ್ಪ ಹಿಂದಿನ ಬೆಂಚಿನಿಂದ ಪಿಸುಗುಟ್ಟಿದ. "ದೇವ್ರು ತಾನಾಗಿ ಕೊಟ್ಟವ್ನೆ. ಹಂಗೇ ಇರ್ಲಿ."

ಇಳಿಸುವ ಯೋಚನೆ ಚೆನ್ನರಾಯಪ್ಪನಿಗೆ ಇರಲೂ ಇಲ್ಲ. ಅವನ ಬೀದಿಯಲ್ಲಿ ಮನೆಮನೆಗೂ ರೇಷ್ಮೆ ನೂಲು ತೆಗೆಯುವ ಒಲೆ. ದಿಬ್ಬೂರಹಳ್ಳಿಯಿಂದ ಎಂಥ ಚೆಂದದ ಗೂಡು ಬಂದರೂ, ಬಾವಿಯ ಉಪ್ಪುನೀರಲ್ಲಿ ಬೇಯಿಸಿದರೆ ನೂಲು ಮಂಕು. ಸಿಹಿನೀರಿಗೆ ಹೆಂಗಸರು ಚಿಂತಾಮಣಿ ರಸ್ತೆ ದಾಟಿ ಹೋಗಬೇಕು. ಬೆಳಿಗ್ಗೆ ಹೆಂಡತಿ ಗಂಗುಲಮ್ಮ ರುಮಾಲು ಕೈಗಿಡುತ್ತ ಹೇಳಿದ್ದಳು: "ನಲ್ಲಿ ಮಾಡಿಸ್ಕೊಂಡು ಬನ್ನಿ. ಇಲ್ದಿದ್ರೆ ನಾಳೆಯಿಂದ ಬಿಂದಿಗೆ ಹೊರೋರು ನೀವೇ. ಕೌನ್ಸಿಲರ್ ಸಾಹೇಬ್ರು ಬಂದ್ರು ದಾರಿ ಬಿಡ್ರೇ ಅಂತ ನಾನು ಮುಂದೆ ಹೋಗ್ತೀನಿ."

ಅವನು ಮತ್ತೊಮ್ಮೆ ಪಕ್ಕಕ್ಕೆ ನೋಡಿದ. ನೋಡಬಾರದಿತ್ತು.

ಮುನಿವೆಂಕಟಪ್ಪನವರು ಅವನನ್ನೇ ನೋಡುತ್ತ ನಗುತ್ತಿದ್ದರು. ಅವರ ಮುಂದಿದ್ದ ಕಾಗದದಲ್ಲಿ ಕೋಟೆ ಬೀದಿಯ ಹೆಸರು ಮೊದಲಿತ್ತು. ಅಧ್ಯಕ್ಷರು ಗಾಣದ ಬೀದಿಯನ್ನು ಮೊದಲು ಕೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ತನ್ನ ಬೀದಿಯನ್ನು ಬಿಟ್ಟುಕೊಟ್ಟು ಇವನು ನಮ್ಮ ಬೀದಿಗೆ ಕೈ ಎತ್ತಿದನಲ್ಲ ಎಂದು ಅವರ ಮುಖ ಅರಳಿತ್ತು. ಕೆಳಗಿದ್ದ ಎಡಗೈ ನಿಧಾನವಾಗಿ ಬಂದು ಚೆನ್ನರಾಯಪ್ಪನ ಮೊಣಕಾಲನ್ನು ತಟ್ಟಿತು. ಮಗನನ್ನು ತಟ್ಟುವ ಹಾಗೆ.

"ಎಣಿಸ್ಕೊಳ್ಳಲಾ ಸ್ವಾಮಿ?" ಗುಮಾಸ್ತ ಕೇಳಿದ.

ಅಧ್ಯಕ್ಷರು ಕಿಟಕಿಯಾಚೆ ನೋಡುತ್ತ ಕೂತರು. ಕೋಟೆ ಬೀದಿಯ ಕಡೆಯವರೊಬ್ಬರು ಏನೋ ಹೇಳಲೆಂದು ಅರ್ಧ ಎದ್ದು, ಹಾಗೇ ಕೂತುಬಿಟ್ಟರು. ನಿಮಗೆ ಕೇಳಿಸಿಲ್ಲ ಎಂದು ತುಂಬಿದ ಸಭೆಯಲ್ಲಿ ಆ ಹಿರಿಯರಿಗೆ ಹೇಳುವವರು ಯಾರು? ಇಷ್ಟು ಮಾತುಗಾರರಿರುವ ಕೋಣೆಯಲ್ಲಿ ಇಷ್ಟು ದೊಡ್ಡ ಮೌನವನ್ನು ಚೆನ್ನರಾಯಪ್ಪ ಕಂಡೇ ಇರಲಿಲ್ಲ. ಮುನಿವೆಂಕಟಪ್ಪನವರು ದಿನವೂ ಇದರೊಳಗೇ ಕೂತಿರುತ್ತಾರಲ್ಲ ಅನ್ನಿಸಿತು.

ಅವನು ಕೈ ಇಳಿಸಿದ. ಪಕ್ಕದ ಕೈಯೂ ಇಳಿಯಿತು.

"ನಾಲ್ಕು," ಎಂದ ಗುಮಾಸ್ತ, ತಡಮಾಡದೆ.

"ನೀಕು ಪಿಚ್ಚಿ ಪಟ್ಟಿಂದಾ?" ನಿನಗೆ ಹುಚ್ಚು ಹಿಡಿಯಿತಾ ಎನ್ನಲೂ, ಸಿಟ್ಟು ಬಂದರೆ ಮುದ್ದಪ್ಪನಿಗೆ ತೆಲುಗೇ ಬರುತ್ತಿತ್ತು.

"ಕೋಟೆ ಬೀದಿಗೆ ಆಗಲಿ ಅನ್ನೋರು?" ಅಧ್ಯಕ್ಷರ ದನಿ ಸ್ವಲ್ಪ ಸಡಿಲವಾಗಿತ್ತು. ಐದು ಕೈ ಎದ್ದವು. ಮುನಿವೆಂಕಟಪ್ಪನವರ ಕೈ ಮಾತ್ರ ತೊಡೆಯ ಮೇಲೇ ಇತ್ತು. ಮತ್ತೊಮ್ಮೆ ಎಣಿಸುತ್ತಿದ್ದಾರೋ ಏನೋ ಎಂದು ತಿಳಿಯದೆ, ಗೊತ್ತಿಲ್ಲದ ದಾರಿಯಲ್ಲಿ ಮುಂದಿನವನ ಹೆಜ್ಜೆ ನೋಡುವವರಂತೆ ಅವರು ಓರೆಗಣ್ಣಿನಲ್ಲಿ ಕಾಯುತ್ತಿದ್ದರು. ಅವರ ಕೈ ಇಲ್ಲದೆಯೂ ನಲ್ಲಿ ಕೋಟೆ ಬೀದಿಗೇ ಹೋಗುತ್ತಿತ್ತು. ಚೆನ್ನರಾಯಪ್ಪ ಸುಮ್ಮನೆ ಕೂತಿದ್ದರೆ ಕೇಳುವವರಿರಲಿಲ್ಲ. ಆದರೆ ನಾಳೆ ಕೋಟೆ ಬೀದಿಯಲ್ಲಿ, ನಮ್ಮ ನಲ್ಲಿಗೆ ನಮ್ಮವರೇ ಕೈ ಎತ್ತಲಿಲ್ಲ ಎಂಬ ಮಾತು ಹುಟ್ಟುತ್ತಿತ್ತು.

ತನ್ನ ಬೀದಿಯ ವಿರುದ್ಧ ಅವನು ಕೈ ಎತ್ತಿದ. ಪಕ್ಕದ ಕೈ ಇನ್ನೂ ಎತ್ತರಕ್ಕೆ ಎದ್ದಿತು.

ಗುಮಾಸ್ತ ತಂದ ನಿರ್ಣಯವನ್ನು ಮುನಿವೆಂಕಟಪ್ಪನವರು ಎರಡೆರಡು ಸಲ ಓದಿ ರುಜು ಹಾಕಿದರು. ಹೊರಗೆ ಜಗಲಿಯಲ್ಲಿ ಚೆನ್ನರಾಯಪ್ಪ ಮೆಟ್ಟು ಹಾಕಿಕೊಳ್ಳುತ್ತಿದ್ದಾಗ ಅವರು ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು.

"ದೊಡ್ಡ ಮನಸ್ಸು ಮಾಡ್ದೆ ಕಣಪ್ಪ, ಚೆನ್ನರಾಯ," ಎಂದರು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. "ಮರೆಯೋನಲ್ಲ ನಾನು. ಮುಂದಿನ ಸಲ ನಿಮ್ ಬೀದಿಗೆ ಮೊದ್ಲು ಕೈ ಎತ್ತೋನು ನಾನೇ, ನೋಡ್ತಿರು."

ಚೆನ್ನರಾಯಪ್ಪ ತಲೆ ಎತ್ತಲಿಲ್ಲ. ಮೆಟ್ಟಿನ ಕಡೆಗೇ ನೋಡುತ್ತ, ಮೆಲ್ಲಗೆ ಹೇಳಿದ: "ಈ ಸಲಾನೇ ಎತ್ತಿದ್ರಲ್ಲ, ಮಾವ."

"ಹಂಗನ್ನು ಮತ್ತೆ," ಎಂದು ಮುನಿವೆಂಕಟಪ್ಪನವರು ಸಂತೋಷದಿಂದ ತಲೆದೂಗಿ, ಅವನ ಹೆಗಲು ಹಿಡಿದುಕೊಂಡೇ ಮೆಟ್ಟಿಲಿಳಿದರು.