ಸರದಿಯಲ್ಲಿ ಬಿಳುಚಿದ ಹವಳಗಳು

“ಮುಟ್ಟಬೇಡಿ!”

ಯಜಮಾನರು ಕೂಗಿದ ರಭಸಕ್ಕೆ ಬಂದವನು ಕೈ ಹಿಂದೆ ಎಳೆದುಕೊಂಡ. ಅಕ್ವೇರಿಯಂನ ಮುಚ್ಚಳ ಇನ್ನೂ ಅರ್ಧ ಎತ್ತಿದಂತೆಯೇ ಇತ್ತು.

“ಮೊದಲೇ ಸೊರಗಿವೆ. ಹೊಸಬರ ಕೈ ಬೇಡ. ಏನು ಬೇಕೋ ಕೇಳಿ, ನಾನು ಹೇಳ್ತೀನಿ.”

ಬಂದವನನ್ನು ಗಿರಾಕಿಗಳು ಹವಳದ ಡಾಕ್ಟ್ರು ಎಂದು ಕರೆಯುತ್ತಿದ್ದರು. ಜನ ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬೆಳೆಸುವ ಹವಳಗಳು ಬಣ್ಣಗೆಟ್ಟರೆ, ಕಾರಣ ಹುಡುಕುವುದು ಅವನ ಕಸುಬು. ಈ ಮನೆಗೆ ಅವನನ್ನು ಕರೆಸಿದ್ದು ಯಜಮಾನರಲ್ಲ, ಅವರ ಹೆಂಡತಿ.

“ಭಾನುವಾರ ಹೊರಡಬೇಕು ಡಾಕ್ಟ್ರೇ,” ಎಂದಳು ಆಕೆ. “ಮಗಳಿಗೆ ದಿನ ತುಂಬಿದೆ. ಚೊಚ್ಚಲು. ‘ಅಪ್ಪನ್ನೂ ಕರ್ಕೊಂಡು ಬಾ’ ಅಂತ ಒಂದೇ ಸಮ ಅಳ್ತಾಳೆ. ಮದುವೆಯಾಗಿ ನಾಲ್ಕು ವರ್ಷ ಆಯ್ತು, ಇವರು ಒಂದು ಸಲ ಅವಳ ಮನೆ ಹೊಸ್ತಿಲು ತುಳಿದಿಲ್ಲ.”

“ಸಾಯೋ ಜೀವಗಳನ್ನ ಬಿಟ್ಟು ಹೇಗೆ ಬರೋದು? ನೀನು ಹೋಗು. ಬೇಡ ಅಂದೋರು ಯಾರು?”

“ಒಬ್ಬಳೇ ಹೋಗಿ ಏನು ಹೇಳ್ಲಿ? ನಿಮ್ಮಪ್ಪಂಗೆ ನಿನಗಿಂತ ಈ ಕಲ್ಲುಹೂವೇ ಹೆಚ್ಚು ಅಂತಲಾ?”

ಯಜಮಾನರು ಕುರ್ಚಿ ಎಳೆದು ತೊಟ್ಟಿಯ ಪಕ್ಕ ಕೂತರು. ತೊಟ್ಟಿಯ ಪಂಪು ಮಾತ್ರ ಗೊರಗೊರ ಎನ್ನುತ್ತಿತ್ತು. ಆ ಮನೆಯಲ್ಲಿ ಮೌನ ಬಿದ್ದಾಗಲೆಲ್ಲ ಅದನ್ನು ತುಂಬುವ ಹೊಣೆ ಆ ಪಂಪಿನದೇ ಇರಬೇಕು ಎನಿಸಿತು ಡಾಕ್ಟರಿಗೆ.

ಅವನು ಕೆಲಸಕ್ಕಿಳಿದ. ನೀರಿನ ಬಿಸಿ ಸರಿಯಿತ್ತು. ಉಪ್ಪು ಸರಿಯಿತ್ತು. ಎರಡು ಕಿತ್ತಳೆ ಮೀನುಗಳು ಲವಲವಿಕೆಯಿಂದ ಈಜುತ್ತಿದ್ದವು. ನೀರಿನಲ್ಲಿ ವಿಷವಿದ್ದರೆ ಮೊದಲು ಮಗುಚುವುದು ಅವೇ. ಆದರೂ ಹವಳಗಳು ಎಲುಬಿನಂತೆ ಬೆಳ್ಳಗಾಗಿದ್ದವು. ಅದೂ ಎಡಗಡೆಯಿಂದ ಶುರುವಾಗಿ, ಒಂದಾದ ಮೇಲೆ ಒಂದು, ಸರದಿಯಲ್ಲಿ ನಿಂತು ಚೀಟಿ ಪಡೆದ ಹಾಗೆ. ಬಲತುದಿಯ ಮೂರಕ್ಕೆ ಇನ್ನೂ ನೇರಳೆ ಬಣ್ಣವಿತ್ತು.

“ಯಾವಾಗಿಂದ ಹೀಗೆ?”

“ಮೂರು ತಿಂಗಳಾಯ್ತು,” ಎಂದರು ಯಜಮಾನರು.

“ಟಿಕೆಟ್ ತೆಗೆಸಿದ ವಾರ,” ಎಂದಳು ಹೆಂಡತಿ.

ಬ್ಲೀಚಿಂಗ್ ಪುಡಿಯ ವಾಸನೆ ಸಣ್ಣಗೆ ಮೂಗಿಗೆ ಹೊಡೆಯಿತು. ಡಾಕ್ಟರು ಸುತ್ತ ನೋಡಿದ.

“ಬಚ್ಚಲಿಂದ ಬರ್ತಿರೋದು,” ಎಂದಳು ಆಕೆ. “ನನ್ನ ಸೊಂಟ ಹಿಡ್ಕೊಂಡ ಮೇಲೆ ಇವರೇ ತೊಳೀತಾರೆ. ಮೂವತ್ತು ವರ್ಷಕ್ಕೆ ಈಗ ಬುದ್ಧಿ ಬಂದಿದೆ.”

ಡಾಕ್ಟರು ನಗಲಿಲ್ಲ. ಹವಳಗಳು ಸತ್ತುಹೋದರೆ ಈಕೆಯ ದಾರಿ ಸಲೀಸು. ಕಾವಲು ಕಾಯಲು ಏನೂ ಉಳಿಯದಿದ್ದರೆ ಗಂಡ ಹೊರಡಲೇಬೇಕು. ಇಂಥ ಮನೆಗಳನ್ನು ಅವನು ನೋಡಿದ್ದ.

“ಇವರಿಲ್ಲದಾಗ ತೊಟ್ಟಿ ನೋಡ್ಕೊಂಡೋರು ಯಾರಾದ್ರೂ ಇದ್ದಾರಾ?”

ಆಕೆ ಸೆರಗಿನ ತುದಿ ಸುತ್ತಿದಳು. “ಎರಡು ವರ್ಷದ ಹಿಂದೆ ಇವರು ಮಂಡಿ ಆಪರೇಷನ್‌ಗೆ ಇಪ್ಪತ್ತು ದಿನ ಆಸ್ಪತ್ರೇಲಿದ್ರು. ಆಗ ನಾನೇ.”

ಯಜಮಾನರು ಥಟ್ಟನೆ ಎದ್ದರು. “ಈಗ್ಯಾಕೆ ಆ ಹಳೇ ಪುರಾಣ? ಚೆನ್ನಾಗೇ ನೋಡ್ಕೊಂಡಿದ್ಲು. ಇರಿ, ಲೆಕ್ಕದ ಪುಸ್ತಕ ತರ್ತೀನಿ.”

ಅವರು ಅತ್ತ ಹೋದದ್ದೇ ತಡ, ಡಾಕ್ಟರು ಉದ್ದನೆಯ ಚಿಮಟವನ್ನು ನೀರಿಗಿಳಿಸಿ ಬಿಳಿಯ ಕೊಂಬೆಯೊಂದನ್ನು ಒತ್ತಿದ. ಹವಳ ಕಲ್ಲಿನಂತೆ ಗಟ್ಟಿ ಇರಬೇಕು. ಇದು ಬಾಗಿತು. ಬಿಟ್ಟೊಡನೆ ಚಿಮ್ಮಿ ನೆಟ್ಟಗಾಯಿತು. ನೇರಳೆಯದನ್ನು ಒತ್ತಿದ. ಅದೂ ಬಾಗಿತು.

ರಬ್ಬರು. ಎರಡು ವರ್ಷದ ಪಾಚಿ ಹಿಡಿದು ಜೀವಕಳೆ ಬಂದಿದ್ದ ರಬ್ಬರು.

ಪುಸ್ತಕ ಬಂತು. ವಾರವಾರದ ಸುಣ್ಣದ ಅಂಶ ಮುತ್ತಿನಂಥ ಅಕ್ಷರದಲ್ಲಿತ್ತು. ನಾನೂರ ಇಪ್ಪತ್ತು, ನಾನೂರ ಇಪ್ಪತ್ತು, ನಾನೂರ ಇಪ್ಪತ್ತು. ಜೀವಂತ ಹವಳ ನೀರಿನ ಸುಣ್ಣ ಹೀರಿ ಮೈ ಬೆಳೆಸುತ್ತದೆ. ಇಲ್ಲಿ ಎರಡು ವರ್ಷದಿಂದ ಯಾರೂ ಏನೂ ಹೀರಿರಲಿಲ್ಲ.

“ಒಂದು ಚೂರೂ ಏರುಪೇರಿಲ್ಲ ನೋಡಿ,” ಎಂದರು ಯಜಮಾನರು.

ಡಾಕ್ಟರು ಪುಸ್ತಕ ಮುಚ್ಚಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಂಡ ಆಸ್ಪತ್ರೆಯಲ್ಲಿದ್ದಾಗ ಹವಳ ಸತ್ತಿವೆ. ಹೆದರಿದ ಹೆಂಗಸು ಅಂಗಡಿಯಿಂದ ರಬ್ಬರಿನವನ್ನು ತಂದು ನೆಟ್ಟಿದ್ದಾಳೆ. ಬೆಳಕು ಬಿದ್ದು ಬಿದ್ದು ಈಗ ಬಣ್ಣ ಹೋಗುತ್ತಿದೆ. ಈ ಮನುಷ್ಯ ಆಟದ ಸಾಮಾನಿಗೆ ಹಗಲಿರುಳು ಶುಶ್ರೂಷೆ ಮಾಡುತ್ತ ಕೂತಿದ್ದಾನೆ. ಈಗ ನಿಜ ನುಡಿದರೆ ಒಂದು ಸಂಸಾರ ಒಡೆಯುತ್ತದೆ.

ಅವನು ಕಸುಬಿನಲ್ಲಿ ಮೊದಲ ಸಲ ಸುಳ್ಳು ಹೇಳಿದ.

“ಬೆಳಕು ಜಾಸ್ತಿ ಆಗಿದೆ, ಅಷ್ಟೇ. ಲೈಟ್ ಆರಿಸಿ ನೆಮ್ಮದಿಯಾಗಿ ಹೋಗಿಬನ್ನಿ. ಮೀನಿಗೆ ಪಕ್ಕದ ಮನೆಯವರು ನಾಲ್ಕು ಕಾಳು ಹಾಕಿದ್ರೆ ಸಾಕು. ತಿಂಗಳು ಬಿಟ್ಟು ಬಂದ್ರೂ ಒಂದು ಹವಳಾನೂ ಸಾಯಲ್ಲ. ಬೇಕಾದ್ರೆ ಬರೆದುಕೊಡ್ತೀನಿ.”

ಆಕೆ ಆಗಲೇ ಫೋನಿನಲ್ಲಿದ್ದಳು. “ಅಪ್ಪನೂ ಬರ್ತಾರೆ ಕಣೇ! ಹ್ಞೂಂ, ಆಣೆ! ಅಳಬೇಡ, ಅಳಬೇಡ್ವೇ.”

ಗೇಟಿನ ತನಕ ಕಳಿಸಲು ಬಂದವರು ಯಜಮಾನರು. ಮುಖದಲ್ಲಿ ರಕ್ತವಿರಲಿಲ್ಲ.

“ರಬ್ಬರು ಅಂತ ಗೊತ್ತಾಯ್ತಲ್ಲ ನಿಮಗೆ?”

ಡಾಕ್ಟರು ಬೆಚ್ಚಿದ. “ಯಜಮಾನ್ರೇ, ದಯವಿಟ್ಟು ಅಮ್ಮನ್ನ ಬೈಬೇಡಿ.”

“ಅವಳಿಗೇನು ಗೊತ್ತು, ಪಾಪ. ಆಸ್ಪತ್ರೆಯಿಂದ ಬಂದಾಗ ಎಲ್ಲಾ ಸತ್ತಿದ್ವು. ಅವಳು ನೊಂದ್ಕೋತಾಳೆ ಅಂತ ನಾನೇ ರಬ್ಬರಿನವು ತಂದು ಒಂದೊಂದಾಗಿ ನೆಟ್ಟೆ.” ಅವರು ಗೇಟಿನ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ನನ್ನ ಮಾತು ಮೀರಿ ಮದುವೆಯಾದ ದಿನ ಮಗಳಿಗೆ ‘ನನ್ನ ಪಾಲಿಗೆ ನೀನು ಸತ್ತೆ’ ಅಂದುಬಿಟ್ಟಿದ್ದೆ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ? ಮೂರು ತಿಂಗಳು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು, ಒಂದೊಂದನ್ನೇ ಬ್ಲೀಚಿಂಗ್ ನೀರಲ್ಲಿ ಅದ್ದಿ ಅದ್ದಿ ಕಾಯಿಲೆ ಬರಿಸಿದ್ದೆ. ಒಂದೇ ಗಂಟೇಲಿ ವಾಸಿ ಮಾಡಿಬಿಟ್ರಲ್ಲ, ಡಾಕ್ಟ್ರೇ!”