ಎರಡನೇ ಆಸನದ ಶುಲ್ಕ

"ಇಬ್ಬರದ್ದೂ ತಗೊಳ್ಳಮ್ಮಾ," ಎಂದು ಬಡಗಿ ನೋಟುಗಳನ್ನು ಮೇಜಿನ ಮೇಲಿಟ್ಟ.

ಹಾಯಿದೋಣಿ ಸಂಘದ ಕಾರ್ಯದರ್ಶಿ ಕನ್ನಡಕವನ್ನು ಹಣೆಗೇರಿಸಿದಳು. ಪಂದ್ಯಕ್ಕಿಳಿಯುವ ತಲೆಗಿಷ್ಟು ಎಂದು ಶುಲ್ಕ. ಸಂಘದ ಹೊಟ್ಟೆ ತುಂಬುವುದೇ ಅದರಿಂದ. ಉಳಿದವರೆಲ್ಲ ಮೂಗು ಮುರಿದು, ಚೌಕಾಸಿ ಮಾಡಿ ಕೊಡುತ್ತಿದ್ದರು. ಕೇಳದೆಯೇ ಜಾಸ್ತಿ ಕೊಡುವ ಪುಣ್ಯಾತ್ಮ ಇವನೊಬ್ಬನೇ.

"ಅಣ್ಣಾ, ನಿಮ್ಮ ತಮ್ಮ ತೀರಿಕೊಂಡು ಎಷ್ಟು ವರ್ಷ ಆಯ್ತು? ಒಬ್ಬರೇ ನಡೆಸೋ ದೋಣಿಗಳ ಪಂದ್ಯಕ್ಕೆ ಸೇರ್ಕೊಳ್ಳಿ. ಅರ್ಧ ದುಡ್ಡು ಉಳಿಯುತ್ತೆ."

"ದುಡ್ಡು ಉಳಿಸಿ ಯಾರಿಗೆ ಕೊಡ್ಲಿ? ಮನೇಲಿ ಮಾತಾಡೋಕೆ ಗೋಡೆ ಬಿಟ್ರೆ ಯಾರಿದ್ದಾರೆ? ಅವನ ಹೆಸರು ಇರ್ಲಿ ಬಿಡು."

ಅವಳು ಕಿಟಕಿಯಾಚೆಗೆ ಕೈ ತೋರಿಸಿದಳು. ದೋಣಿಗಳು ಸುತ್ತಿ ಬರಬೇಕಾದ ತೇಲುಬುರುಡೆ ನೀರಿನ ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. "ನಿಮ್ಮ ತಮ್ಮನ ಹೆಸರಲ್ಲಿ ಕೊಟ್ಟ ದುಡ್ಡನ್ನ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ತೆಗೆದಿಟ್ಟಿದ್ದೆ. ಈ ಸಲ ಅದ್ರಲ್ಲೇ ಆ ಬುರುಡೆ ಕೊಂಡ್ವಿ. ಹೊಸದು ಅಂತ ಮುಟ್ಟಿಬಿಟ್ಟೀರಿ ಮತ್ತೆ! ಮುಟ್ಟಿದವರು ಪಂದ್ಯದಿಂದ ಹೊರಗೆ, ಗೊತ್ತಲ್ಲ?"

ಬಡಗಿಗೆ ಗೊತ್ತಿಲ್ಲದ ನಿಯಮವೇ? ಅಣ್ಣತಮ್ಮ ಇಬ್ಬರೂ ಸೇರಿ ಆಡಿದಷ್ಟು ಕಾಲವೂ ಬಂದದ್ದು ಎರಡನೇ ಸ್ಥಾನ. ಒಮ್ಮೆಯಾದರೂ ಗೆಲ್ಲಬೇಕೆಂಬುದು ತಮ್ಮನ ಹಟವಾಗಿತ್ತು. ಈಗ ಅದು ಇವನ ತಲೆಗೆ ಅಂಟಿಕೊಂಡಿತ್ತು.

ಪಂದ್ಯದ ದಿನ ತಮ್ಮನ ಜಾಗದಲ್ಲಿ, ತೂಕಕ್ಕೆಂದು, ಮರಳಿನ ಮೂಟೆ ಕೂತಿತು. ಹಾಯಿ ಈ ಕಡೆಯಿಂದ ಆ ಕಡೆಗೆ ಹೊರಳಿದಾಗಲೆಲ್ಲ ಬಡಗಿ ಹಳೆಯ ಅಭ್ಯಾಸದಂತೆ, "ತಲೆ ತಗ್ಗಿಸೋ!" ಎಂದು ಕೂಗಿದ. ಮೂಟೆ ಎದುರಾಡಲಿಲ್ಲ. ತಮ್ಮನಾಗಿದ್ದರೆ ಒಂದಕ್ಕೆರಡು ಮಾತು ಬರುತ್ತಿತ್ತು.

ಗಾಳಿ ಅವನ ಕೈ ಹಿಡಿಯಿತು. ತೇಲುಬುರುಡೆಯ ಹತ್ತಿರ ಬಂದಾಗ ಮುಂದೆ ಒಂದು ದೋಣಿಯೂ ಇರಲಿಲ್ಲ. ಸುತ್ತಿಕೊಂಡು ದಡ ಸೇರಿದರೆ ಗೆಲುವಿನ ಕಪ್ ಅವನದೇ.

ಅವನು ಚುಕ್ಕಾಣಿಯನ್ನು ಬುರುಡೆಯತ್ತ ಸ್ವಲ್ಪ ತಿರುಗಿಸಿದ. ಬಾಗಿ, ತಮ್ಮನ ಹೆಗಲ ಮೇಲೆ ಇಡುತ್ತಿದ್ದಂತೆ, ಅಂಗೈಯನ್ನು ಅದರ ಮೇಲಿಟ್ಟ. ಎಲ್ಲರೂ ನೋಡುತ್ತಿದ್ದರು. ಉಳಿದ ದೋಣಿಗಳು ಒಂದೊಂದಾಗಿ ದಾಟಿಹೋದರೂ ಕೈ ತೆಗೆಯಲಿಲ್ಲ.

ದಡದಲ್ಲಿ ಕಾರ್ಯದರ್ಶಿ ಓಡಿ ಬಂದಳು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ರಲ್ಲ ಅಣ್ಣಾ! ಯಾಕೆ ಮುಟ್ಟಿದ್ರಿ?"

ಬಡಗಿ ಮರಳಿನ ಮೂಟೆಯನ್ನು ಜೋಪಾನವಾಗಿ ಕೆಳಗಿಳಿಸುತ್ತಿದ್ದ.

"ಬಿಸಿಲಿಗೆ ಬೆಚ್ಚಗಿತ್ತಮ್ಮಾ," ಎಂದ.