ಬೀಗ ಬಿದ್ದ ಹೊಟ್ಟೆ

ಕಾರ್ಖಾನೆಗೆ ಸೇರಿದ ದಿನವೇ ಉಂಡದ್ದನ್ನು ಕರಗಿಸುವ ನಮ್ಮ ಹೊಟ್ಟೆಯ ಕಿಣ್ವಗಳಿಗೆಲ್ಲ ಬೀಗ ಬೀಳುತ್ತದೆ. ಅದನ್ನು ತೆಗೆಯುವ ಮದ್ದಿನ ಹನಿ ಗೇಟಿನಲ್ಲಿ ಮಾತ್ರ ಸಿಗುತ್ತದೆ, ಅದೂ ಪಾಳಿಗೆ ಒಳಹೋಗುವವರ ನಾಲಿಗೆಗಷ್ಟೇ. ಮರುದಿನದ ಹೊತ್ತಿಗೆ ಮತ್ತೆ ಬೀಗ.

ಮೇಸ್ತ್ರಿಯ ಕೊರಳಪಟ್ಟಿ ಹಿಡಿದು ನಾನು ಕೆಲಸ ಬಿಟ್ಟು ವಾರವಾಗಿತ್ತು. ಅಕ್ಕ ಶಿವಗಂಗವ್ವ ಬಡಿಸಿದ ರೊಟ್ಟಿಯನ್ನೆಲ್ಲ ತಿಂದೆ. ಒಂದು ತುಣುಕೂ ಮೈಗೆ ಹತ್ತಲಿಲ್ಲ. ಇವತ್ತು ಅವಳೇ ನನ್ನ ರಟ್ಟೆ ಹಿಡಿದು ಗೇಟಿಗೆ ಎಳೆತಂದಳು.

“ಏನೋ ಹುಲಿ, ರೊಟ್ಟಿ ಕರಗಲಿಲ್ಲೇನು?” ಕಾವಲುಗಾರ ಯಮನೂರಪ್ಪ ನಕ್ಕ. “ಬಾಯಿ ತೆರಿ.”

ನಾನು ಅಕ್ಕನತ್ತ ತಿರುಗಿದೆ. “ಇವರ ನಾಯಿಯಾಗಿ ಬದುಕು ಅಂತೀಯೇನು?”

“ಹೌದೋ, ನಾಯಿಯಾಗಿಯಾದ್ರೂ ಬದುಕು. ನನ್ನ ಕಣ್ಣ ಮುಂದ ಸಾಯಬ್ಯಾಡ.”

ಸತ್ತರೂ ಸರಿ, ಇವರ ಹನಿ ಬೇಡವೆಂದು ಹಲ್ಲು ಕಚ್ಚಿ ನಿಂತೆ. ಹಟಮಾರಿ ಕೂಸಿಗೆ ಔಡಲೆಣ್ಣೆ ಕುಡಿಸುವಾಗ ಹಿಡಿಯುವಂತೆ ಅಕ್ಕ ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದಳು. ಉಸಿರುಗಟ್ಟಿ ಬಾಯಿ ತಾನಾಗಿ ತೆರೆಯಿತು. ಹನಿ ಬಿತ್ತು.

ನನ್ನ ಸಿಟ್ಟು ಇಳಿಯುವುದಕ್ಕೂ ಕಾಯದೆ ಹೊಟ್ಟೆ ಗುಡುಗುಡು ಎಂದು ಕೆಲಸಕ್ಕೆ ಇಳಿಯಿತು. ಯಮನೂರಪ್ಪ ನನ್ನನ್ನು ಒಳಕ್ಕೆ ನೂಕಿ ಗೇಟು ಎಳೆದ. ಸರಳುಗಳ ಆಚೆ ಅಕ್ಕ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು, ತಮ್ಮ ಉಳಿದನಲ್ಲ ಎಂದು.